ಅರೆಸ್ಟ್ ಫೋಟೊ ಸಿಕ್ಕಿದೆ, ಕೇಸಿನ ಕೊನೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ. ಮಗಳಿಗೆ 28 ವರ್ಷ, ಬೆಂಗಳೂರಿನಲ್ಲಿ ಕೆಲಸ. ಅಮೆರಿಕದ ಟೆಕ್ಸಸ್‌ನಲ್ಲಿ ಫ್ರಿಸ್ಕೊ ಎಂಬ ಊರಿನಲ್ಲಿರುವ ಹುಡುಗನ ಸಂಬಂಧ ಬಂದಿದೆ. ಜಾತಕ ಕೂಡಿದೆ. ಹುಡುಗ, ಹುಡುಗಿ ಮೂರು ತಿಂಗಳಿಂದ ಮಾತಾಡುತ್ತಿದ್ದಾರೆ, ಇಬ್ಬರಿಗೂ ಒಪ್ಪಿಗೆ. ಮುಂದಿನ ತಿಂಗಳು ನಿಶ್ಚಿತಾರ್ಥ. ಮೊನ್ನೆ ನನ್ನ ತಮ್ಮನ ಮಗ ಹುಡುಗನ ಹೆಸರು ಹಾಕಿ ಹುಡುಕಿದಾಗ, ಒಂದು ವೆಬ್‌ಸೈಟಿನಲ್ಲಿ ಪೊಲೀಸರು ತೆಗೆದ ಫೋಟೊ ಸಿಕ್ಕಿತು. ಕೆಳಗೆ ಹೆಸರು, ವಯಸ್ಸು, 2021, ಕಾಲಿನ್ ಕೌಂಟಿ, ‘ಅಸಾಲ್ಟ್, ಫ್ಯಾಮಿಲಿ ವಯೊಲೆನ್ಸ್’ ಎಂದಿದೆ. ಫೋಟೊ ಮಸುಕಾಗಿದೆ. ಅವನೇ ಅನಿಸುತ್ತದೆ, ಅಲ್ಲ ಅಂತಲೂ ಅನಿಸುತ್ತದೆ. ಹಣ ಕಟ್ಟಿದರೆ ಪೂರ್ತಿ ವರದಿ ಕೊಡುತ್ತೇವೆ ಎಂದು ಇನ್ನೊಂದು ಸೈಟು ಹೇಳುತ್ತಿದೆ. ಸಂಬಂಧ ತಂದವರನ್ನು ಕೇಳಿದರೆ ‘ಏನಾದರೂ ಇದ್ದಿದ್ದರೆ ಅಮೆರಿಕದವರು ವಾಪಸ್ ಕಳಿಸುತ್ತಿದ್ದರು’ ಎಂದರು. ನಮ್ಮ ಯಜಮಾನರು ಸಂಬಂಧ ಬಿಟ್ಟುಬಿಡೋಣ ಎನ್ನುತ್ತಾರೆ. ಮಗಳು ಅಳುತ್ತಿದ್ದಾಳೆ. ನಿಜ ಏನೆಂದು ಇಲ್ಲಿ ಕೂತು ತಿಳಿಯಲು ಆಗುತ್ತದೆಯೇ?

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಡಲ್ಲಾಸ್ ಸುತ್ತಮುತ್ತಲಿನ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಊರಿನಿಂದ ಇಂಥ ಫೋನು ನನಗೆ ಆಗಾಗ ಬರುತ್ತವೆ, ಮದುವೆ ಕಾಲದಲ್ಲಿ ಇನ್ನೂ ಜಾಸ್ತಿ. ಹೆಚ್ಚಿನವರು ಕೇಳುವುದು ಒಂದೇ: ‘ಹುಡುಗ ಒಳ್ಳೆಯವನಾ, ಅಲ್ವಾ?’ ಅದಕ್ಕೆ ಉತ್ತರ ಯಾವ ದಾಖಲೆಯಲ್ಲೂ ಇರುವುದಿಲ್ಲ. ನಿಮ್ಮ ಆತಂಕದ ಒಳಗೆ ಬೇರೆ ಎರಡು ಪ್ರಶ್ನೆಗಳಿವೆ. ಆ ಫೋಟೊದಲ್ಲಿರುವವನು ಇವನೇನಾ? ಇವನೇ ಆಗಿದ್ದರೆ ಆ ಕೇಸು ಕೊನೆಗೆ ಏನಾಯಿತು? ಈ ಎರಡಕ್ಕೂ ಉತ್ತರ ಸಿಗುತ್ತದೆ. ಬಹುಪಾಲು ಹಾಸನದಲ್ಲಿ ಕೂತೇ ಸಿಗುತ್ತದೆ. ಆದರೆ ನಿಮ್ಮ ತಮ್ಮನ ಮಗ ನೋಡಿದ ಸೈಟಿನಲ್ಲಿ ಸಿಗುವುದಿಲ್ಲ.

ಮೊದಲು ಆ ಫೋಟೊ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಟೆಕ್ಸಸ್ ಒಂದರಲ್ಲೇ 254 ಕೌಂಟಿಗಳಿವೆ, ಇಡೀ ಅಮೆರಿಕದಲ್ಲಿ 3,100ಕ್ಕೂ ಹೆಚ್ಚು. ಟೆಕ್ಸಸ್‌ನಲ್ಲಿ ಪ್ರತಿ ಕೌಂಟಿಗೆ ಒಬ್ಬ ಚುನಾಯಿತ ಷರೀಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ. ಕೌಂಟಿಯ ಜೈಲು ಸಾಮಾನ್ಯವಾಗಿ ಅವರ ಕೈಯಲ್ಲಿರುತ್ತದೆ. ಊರಿನ ಪೊಲೀಸರು ಯಾರನ್ನಾದರೂ ಹಿಡಿದರೆ ಆ ಜೈಲಿಗೆ ಕರೆದೊಯ್ದು ಹೆಸರು ಬರೆಸುತ್ತಾರೆ, ಬೆರಳಚ್ಚು ತೆಗೆಯುತ್ತಾರೆ, ಫೋಟೊ ತೆಗೆಯುತ್ತಾರೆ. ಟೆಕ್ಸಸ್‌ನಲ್ಲಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಜಾಮೀನು ಸಿಕ್ಕರೆ ಮನೆಗೆ ಹೋಗುತ್ತಾನೆ. ಅಂದರೆ ಆ ಫೋಟೊ ತೆಗೆದ ಹೊತ್ತಿಗೆ ಸಾಮಾನ್ಯವಾಗಿ ಯಾವ ನ್ಯಾಯಾಧೀಶರೂ ಸಾಕ್ಷ್ಯ ನೋಡಿರುವುದಿಲ್ಲ. ಸರ್ಕಾರಿ ವಕೀಲರು ಕೇಸು ಹಾಕಬೇಕೋ ಬೇಡವೋ ಎಂದೂ ತೀರ್ಮಾನಿಸಿರುವುದಿಲ್ಲ. ಒಬ್ಬ ಪೊಲೀಸು ಅಧಿಕಾರಿಗೆ ಆ ರಾತ್ರಿ ‘ಇವನು ಮಾಡಿರಬಹುದು’ ಎಂದು ನಂಬಲು ಕಾರಣವಿತ್ತು, ಅಷ್ಟೇ.

ಆ ಜೈಲಿನ ಪಟ್ಟಿಯನ್ನು ಖಾಸಗಿ ಸೈಟುಗಳು ಕಂಪ್ಯೂಟರ್ ಮೂಲಕ ಎತ್ತಿಕೊಳ್ಳುತ್ತವೆ. ಮುಂದೆ ಕೇಸು ಬಿದ್ದುಹೋದರೂ ತಿರುಗಿ ನೋಡುವುದಿಲ್ಲ. ಹಿಂದೆ ಇಂಥ ಕೆಲವು ಸೈಟುಗಳು ಫೋಟೊ ತೆಗೆಯಲು ಹಣ ಕೇಳುತ್ತಿದ್ದವು. ಟೆಕ್ಸಸ್ 2013ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಹಾಗಂತ ಎಲ್ಲ ಫೋಟೊಗಳೂ ಹೋಗಲಿಲ್ಲ.

ಇನ್ನು ‘ಅಸಾಲ್ಟ್’ ಎಂಬ ಪದ. ನಮ್ಮ ಪತ್ರಿಕೆಗಳಲ್ಲಿ ಆ ಇಂಗ್ಲಿಷ್ ಪದ ಹೆಚ್ಚಾಗಿ ಕಾಣುವುದು ಅತ್ಯಾಚಾರದ ಸುದ್ದಿಗಳಲ್ಲಿ. ಅದಕ್ಕೇ ಅದನ್ನು ಓದಿದ ತಾಯಿಗೆ ಎದೆ ಒಡೆಯುತ್ತದೆ. ಟೆಕ್ಸಸ್ ಕಾನೂನಿನಲ್ಲಿ ಅದು ‘ಹಲ್ಲೆ’. ಲೈಂಗಿಕ ಅಪರಾಧಕ್ಕೆ ಬೇರೆಯೇ ಕಲಮು ಇದೆ. ಬೆದರಿಸಿದ್ದು, ಅವಮಾನವಾಗುವ ಹಾಗೆ ಮೈ ಮುಟ್ಟಿದ್ದು ಸಾಮಾನ್ಯವಾಗಿ ಕ್ಲಾಸ್ ಸಿ, ಅಂದರೆ ತೀರ ಸಣ್ಣ ದರ್ಜೆಯ ಅಪರಾಧ. ಬರೀ ದಂಡ, ಹೆಚ್ಚೆಂದರೆ 500 ಡಾಲರ್. ನೋವಾಗುವ ಹಾಗೆ ಹೊಡೆದರೆ, ತಳ್ಳಿದರೆ ಕ್ಲಾಸ್ ಎ. ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಮನೆಯವರ ಕುತ್ತಿಗೆ ಹಿಸುಕಿದರೆ ಅದು ಫೆಲನಿ, ಅಂದರೆ ದೊಡ್ಡ ಅಪರಾಧ. 2ರಿಂದ 10 ವರ್ಷ ಜೈಲು. ಕೈ ಹಿಡಿದು ಎಳೆದದ್ದೂ ಕುತ್ತಿಗೆ ಹಿಸುಕಿದ್ದೂ ಆ ಸೈಟಿನಲ್ಲಿ ಒಂದೇ ಪದದ ಕೆಳಗೆ ಬಂದಿರಬಹುದು.

‘ಫ್ಯಾಮಿಲಿ ವಯೊಲೆನ್ಸ್’, ಅಂದರೆ ಕೌಟುಂಬಿಕ ಹಿಂಸೆ, ಎಂಬ ಬಾಲವನ್ನು ನೋಡಿ ‘ಹಾಗಾದರೆ ಅವನಿಗೆ ಮೊದಲೇ ಮದುವೆಯಾಗಿತ್ತಾ?’ ಎಂದು ನೀವು ಯೋಚಿಸಿರಬಹುದು. ಆಗಿರಲೂಬಹುದು. ಅದನ್ನು ಸುಮ್ನೆ ಬಿಡಬಾರದು, ಹೇಗೆ ನೋಡುವುದೆಂದು ಮುಂದೆ ಹೇಳುತ್ತೇನೆ. ಆದರೆ ಇಲ್ಲೊಂದು ವಿಷಯ ಊರಿನವರಿಗೆ ಗೊತ್ತಿರುವುದಿಲ್ಲ. ಟೆಕ್ಸಸ್‌ನ ಕಾನೂನಿನಲ್ಲಿ ಒಂದೇ ಮನೆಯಲ್ಲಿ ವಾಸಿಸುವವರೆಲ್ಲ, ರಕ್ತಸಂಬಂಧ ಇರಲಿ ಬಿಡಲಿ, ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಹೆಂಡತಿ, ಹಿಂದಿನ ಹೆಂಡತಿ, ಪ್ರೇಯಸಿ, ಅಣ್ಣ ತಮ್ಮ, ಜೊತೆಗೆ ರೂಮ್‌ಮೇಟ್ ಕೂಡ. ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ನಮ್ಮ ಹುಡುಗರು ಇರುತ್ತಾರೆ. ಬಾಡಿಗೆಗೋ ಪಾತ್ರೆ ತೊಳೆಯುವುದಕ್ಕೋ ಜಗಳವಾಗಿ ಒಬ್ಬ ಇನ್ನೊಬ್ಬನಿಗೆ ಹೊಡೆದರೂ ಅದಕ್ಕೆ ಇದೇ ಹೆಸರು ಬೀಳುತ್ತದೆ. ಅಂಥ ಕೇಸುಗಳನ್ನು ನಾನು ನಡೆಸಿದ್ದೇನೆ. ಹೆಂಡತಿಗೆ ಮೂಗಿನ ಮೂಳೆ ಮುರಿಯುವಂತೆ ಹೊಡೆದ ಕೇಸನ್ನೂ ಹತ್ತಿರದಿಂದ ನೋಡಿದ್ದೇನೆ. ಸೈಟಿನ ಆ ಒಂದು ಸಾಲಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಆ ಸಾಲನ್ನು ನಂಬಿ ಸಂಬಂಧ ಬಿಡುವುದೂ ಬೇಡ, ಕಣ್ಣು ಮುಚ್ಚಿಕೊಂಡು ಮುಂದುವರಿಯುವುದೂ ಬೇಡ ಎನ್ನುತ್ತೇನೆ.

ಈಗ ಮೊದಲ ಪ್ರಶ್ನೆ: ಅವನೇನಾ? ನಮ್ಮ ಹೆಸರುಗಳ ವಿಷಯದಲ್ಲಿ ಅಮೆರಿಕದ ದಾಖಲೆಗಳು ತುಂಬ ಎಡವುತ್ತವೆ. ಒಂದು ಕೆಲಸ ಮಾಡಿ. ಭಾರತದ ಇ-ಕೋರ್ಟ್ಸ್ ತಾಣದಲ್ಲಿ ಕರ್ನಾಟಕ, ಹಾಸನ ಜಿಲ್ಲೆ ಎಂದು ಆರಿಸಿ, ನಿಮ್ಮ ಯಜಮಾನರ ಹೆಸರನ್ನೇ ಹಾಕಿ ಹುಡುಕಿ. ಅದೇ ಹೆಸರಿನ ಎಷ್ಟು ಜನರ ಕೇಸು ಬರುತ್ತದೆ ನೋಡಿ. ಫ್ರಿಸ್ಕೊ, ಪ್ಲೇನೊ, ಇರ್ವಿಂಗ್ ಊರುಗಳಲ್ಲಿ ಈಗ ನಮ್ಮವರು ಎಷ್ಟಿದ್ದಾರೆಂದರೆ, ಅಲ್ಲೂ ಅದೇ ಕಥೆ.

ಅದರ ಮೇಲೆ ಕಾಗುಣಿತದ ತೊಡಕು. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆಯುವವರಿದ್ದಾರೆ, ಎಕ್ಸ್ ಹಾಕಿ ಬರೆಯುವವರಿದ್ದಾರೆ. ಗೌಡ ಎಂಬುದಕ್ಕೆ ಕೆಲವರು ಡಬ್ಲ್ಯು ಹಾಕುತ್ತಾರೆ, ಕೆಲವರು ಯು. ಮಂಜುನಾಥನ ಕೊನೆಗೆ ‘ಎ’ ಇರುತ್ತದೆ, ಇಲ್ಲದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಾಗ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿಬಿಡುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಜೈಲಿನ ಗುಮಾಸ್ತ ಅದನ್ನೇ ಹೆಸರೆಂದು ಬರೆದುಕೊಂಡದ್ದೂ ಉಂಟು. ಹಾಗಾಗಿ ಹೆಸರು ಹೊಂದಿತು ಎಂದ ಮಾತ್ರಕ್ಕೆ ಅವನೇ ಅಲ್ಲ. ಹೆಸರು ಸಿಗಲಿಲ್ಲ ಎಂದ ಮಾತ್ರಕ್ಕೆ ಏನೂ ಇಲ್ಲ ಎಂದೂ ಅಲ್ಲ.

ಗುರುತು ಹಿಡಿಯಲು ಹುಟ್ಟಿದ ದಿನಾಂಕ ಬೇಕು. ಜಾತಕ ನಿಮ್ಮ ಕೈಯಲ್ಲಿದೆ, ಆದರೆ ಪಾಸ್‌ಪೋರ್ಟಿನಲ್ಲಿರುವ ದಿನಾಂಕ ಯಾವುದೆಂದು ಕೇಳಿಕೊಳ್ಳಿ. ಶಾಲೆಗೆ ಸೇರಿಸುವಾಗ ಬರೆಸಿದ ದಿನ ಬೇರೆ ಇರುವುದು ನಮ್ಮಲ್ಲಿ ಹೊಸದಲ್ಲ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/07 ಎಂದರೆ ಅಲ್ಲಿ ಏಪ್ರಿಲ್ 7. ಎರಡು ಮನೆಯವರು ಈ ಒಂದು ಗೊಂದಲದಿಂದ ವಾರಗಟ್ಟಲೆ ಮಾತು ಬಿಟ್ಟದ್ದನ್ನು ಕಂಡಿದ್ದೇನೆ.

ಇನ್ನು ಹುಡುಕುವ ಕೆಲಸ. ಜೈಲಿನ ಆನ್‌ಲೈನ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಈಗ ಒಳಗಿರುವವರ ಹೆಸರು ಮಾತ್ರ ಇರುತ್ತದೆ. 2021ರಲ್ಲಿ ಒಂದು ರಾತ್ರಿ ಇದ್ದು ಹೋದವನ ಹೆಸರು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ನಿಮಗೆ ಬೇಕಾದದ್ದು ಕೋರ್ಟಿನ ದಾಖಲೆ. ಅದನ್ನು ಇಟ್ಟುಕೊಳ್ಳುವವರು ಕ್ಲರ್ಕ್. ಕ್ಲರ್ಕ್ ಎಂದ ಕೂಡಲೇ ಗುಮಾಸ್ತ ಎಂದುಕೊಳ್ಳಬೇಡಿ. ನಮ್ಮ ಕೋರ್ಟಿನ ಶಿರಸ್ತೇದಾರರ ಕಚೇರಿಯ ಕೆಲಸ ಅದು, ಅಲ್ಲಿ ಚುನಾವಣೆಯಲ್ಲಿ ಗೆದ್ದು ಬರುವ ಹುದ್ದೆ. ಟೆಕ್ಸಸ್‌ನ ಹೆಚ್ಚಿನ ಕೌಂಟಿಗಳಲ್ಲಿ ಇಬ್ಬರು ಕ್ಲರ್ಕುಗಳಿರುತ್ತಾರೆ. ಕ್ಲಾಸ್ ಎ ಮತ್ತು ಬಿ ಕೇಸುಗಳು ಸಾಮಾನ್ಯವಾಗಿ ಕೌಂಟಿ ಕ್ಲರ್ಕ್ ಹತ್ತಿರ. ಫೆಲನಿ ಕೇಸುಗಳು ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ಬರೀ ದಂಡದ ಕೇಸುಗಳು ಊರಿನ ಮುನಿಸಿಪಲ್ ಕೋರ್ಟಿನಲ್ಲೋ ಜಸ್ಟಿಸ್ ಆಫ್ ದಿ ಪೀಸ್ ಎಂಬ ಸಣ್ಣ ಕೋರ್ಟಿನಲ್ಲೋ ಇರುತ್ತವೆ. ಒಂದೇ ಕಡೆ ನೋಡಿ ‘ಏನೂ ಇಲ್ಲ’ ಎನ್ನುವವರು ಜಾಸ್ತಿ.

ಫ್ರಿಸ್ಕೊ ಊರು ಎರಡು ಕೌಂಟಿಗಳಲ್ಲಿ ಹರಡಿದೆ. ಒಂದು ಭಾಗ ಕಾಲಿನ್, ಇನ್ನೊಂದು ಭಾಗ ಡೆಂಟನ್. ಕಾಲಿನ್ ಕೌಂಟಿಯ ಕೋರ್ಟು ಮಕಿನ್ನಿಯಲ್ಲಿದೆ, ಡೆಂಟನ್ ಕೌಂಟಿಯದ್ದು ಡೆಂಟನ್ ಊರಿನಲ್ಲೇ. ರಸ್ತೆಯ ಈಚೆ ಬದಿ ನಡೆದ ಘಟನೆಗೆ ಒಂದು ಕೋರ್ಟು, ಆಚೆ ಬದಿಗೆ ಇನ್ನೊಂದು. ನಿಮ್ಮ ಸೈಟು ಕಾಲಿನ್ ಎಂದಿದೆ, ಅಲ್ಲಿಂದಲೇ ಶುರುಮಾಡಿ, ಆಮೇಲೆ ಡೆಂಟನ್, ಡಲ್ಲಾಸ್ ಕೌಂಟಿಗಳಲ್ಲೂ ನೋಡಿ. ಈ ಕೌಂಟಿಗಳ ಕೋರ್ಟ್ ಕೇಸುಗಳನ್ನು ಆನ್‌ಲೈನ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಹುಡುಕುವಾಗ ಕ್ರಿಮಿನಲ್ ವಿಭಾಗ ಆರಿಸಬೇಕು. ಸರ್‌ನೇಮ್ ಮೊದಲು, ಹೆಸರು ಆಮೇಲೆ. ಸಿಗದಿದ್ದರೆ ಅದಲು ಬದಲು ಮಾಡಿ. ಪೂರ್ತಿ ಹೆಸರಿನ ಬದಲು ಮೊದಲ ನಾಲ್ಕೈದು ಅಕ್ಷರ ಹಾಕಿದರೆ ಕಾಗುಣಿತದ ತೊಂದರೆ ತಪ್ಪುತ್ತದೆ. ಕೆಲವು ಕೌಂಟಿಗಳ ತಾಣಗಳು ಹೊರದೇಶದಿಂದ ತೆರೆಯುವುದೇ ಇಲ್ಲ. ಆಗ ಅಲ್ಲಿರುವ ನಂಬಿಕೆಯ ನೆಂಟರೊಬ್ಬರನ್ನು ಕೇಳಿ, ಹತ್ತು ಜನರನ್ನಲ್ಲ.

ಟೆಕ್ಸಸ್‌ನಲ್ಲಿ ಇಷ್ಟು ಸುಲಭ. ಹುಡುಗ ಕ್ಯಾಲಿಫೋರ್ನಿಯಾದಲ್ಲಿದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಕ್ರಿಮಿನಲ್ ಕೇಸಿನ ಕಾಗದಗಳನ್ನು ಸಾಮಾನ್ಯರು ಮನೆಯಿಂದ ನೋಡಲು ಬಿಡುವುದಿಲ್ಲ, ಕೋರ್ಟಿಗೇ ಹೋಗಬೇಕು. 2021ರ ಒಂದು ತೀರ್ಪಿನ ನಂತರ ಕೋರ್ಟಿನ ಸೂಚಿಯಲ್ಲಿ ಹುಟ್ಟಿದ ದಿನಾಂಕ ಹಾಕಿ ಹುಡುಕುವುದಕ್ಕೂ ತಡೆ ಬಂತು. ನ್ಯೂಯಾರ್ಕಿನಲ್ಲಿ ಕೋರ್ಟು ಇಲಾಖೆಯೇ ಇಡೀ ರಾಜ್ಯದ ದಾಖಲೆ ಹುಡುಕಿ ಕೊಡುತ್ತದೆ, ಒಂದು ಹೆಸರಿಗೆ 95 ಡಾಲರ್. ಹೀಗೆ ರಾಜ್ಯಕ್ಕೊಂದು ನಿಯಮ. ‘ಇಡೀ ಅಮೆರಿಕದ ಎಲ್ಲ ದಾಖಲೆ ಒಂದೇ ಕ್ಲಿಕ್ಕಿನಲ್ಲಿ’ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿ. ಸಾಮಾನ್ಯ ಜನರಿಗೆ ತೆರೆದಿರುವ ಅಂಥ ಒಂದು ದಾಖಲೆ ಇಲ್ಲ.

ಹಣ ಕಟ್ಟಿ ವರದಿ ತರಿಸಬೇಡಿ ಎಂದು ಹೇಳಲು ಇನ್ನೊಂದು ಕಾರಣವಿದೆ. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಗ್ರಾಹಕ ಹಿತರಕ್ಷಣಾ ಸಂಸ್ಥೆ ಟ್ರೂತ್‌ಫೈಂಡರ್ ಮತ್ತು ಇನ್‌ಸ್ಟಂಟ್ ಚೆಕ್‌ಮೇಟ್ ಎಂಬ ಎರಡು ಸೈಟುಗಳ ಮೇಲೆ ಆರೋಪ ಹೊರಿಸಿತು. ಬರೀ ಟ್ರಾಫಿಕ್ ಟಿಕೆಟ್ ಇದ್ದವರ ಬಗ್ಗೆಯೂ ‘ಕ್ರಿಮಿನಲ್ ದಾಖಲೆ ಇದೆ’ ಎಂಬ ಭಾವನೆ ಹುಟ್ಟಿಸಿ ಗ್ರಾಹಕರನ್ನು ಸೆಳೆಯುತ್ತಿದ್ದವು ಎಂಬುದು ಆರೋಪ. ಅವು 58 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡವು. ಹಣ ಕಟ್ಟಿದರೆ ಪೂರ್ತಿ ವರದಿ ಕೊಡುತ್ತೇವೆ ಎಂದು ನಿಮಗೆ ಹೇಳಿದ ಸೈಟೂ ಅಂಥದ್ದೇ ಇರಬಹುದು.

ಕೇಸು ಸಿಕ್ಕಿತು ಎಂದುಕೊಳ್ಳಿ. ಆಗ ನೋಡಬೇಕಾದದ್ದು ಆರೋಪದ ಸಾಲನ್ನಲ್ಲ, ಕೊನೆಯ ಸಾಲನ್ನು. ಅಲ್ಲಿ ‘ಡಿಸ್ಪೋಸ್ಡ್’ ಎಂದಿದ್ದರೆ ಸಮಾಧಾನ ಪಡಬೇಡಿ. ಕೇಸು ಮುಗಿದಿದೆ ಎಂದಷ್ಟೇ ಅದರ ಅರ್ಥ, ಹೇಗೆ ಮುಗಿಯಿತು ಎಂದಲ್ಲ. ಒಂದು ಕುಟುಂಬ ಅದನ್ನು ‘ಡಿಸ್ಮಿಸ್ಡ್’ ಎಂದು ಓದಿಕೊಂಡು ನನಗೆ ಫೋನು ಮಾಡಿತ್ತು. ಒಳಗೆ ನೋಡಿದರೆ ಹುಡುಗ ತಪ್ಪೊಪ್ಪಿಕೊಂಡಿದ್ದ. ‘ಡಿಸ್ಮಿಸ್ಡ್’ ಎಂದರೆ ಕೇಸು ವಜಾ. ‘ನಾಟ್ ಗಿಲ್ಟಿ’ ಎಂದರೆ ವಿಚಾರಣೆ ನಡೆದು ಖುಲಾಸೆ. ‘ನೋ ಬಿಲ್’ ಎಂದರೆ ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ಮಂಡಳಿ ಆರೋಪ ಹೊರಿಸಲು ಒಪ್ಪಲಿಲ್ಲ. ಇದು ಫೆಲನಿಗಳಲ್ಲಿ ಕಾಣುವುದು. ‘ನೋಲೊ ಕಂಟೆಂಡರೆ’ ಎಂದರೆ ತಪ್ಪೊಪ್ಪಿಕೊಳ್ಳಲಿಲ್ಲ, ವಾದಿಸಲೂ ಇಲ್ಲ. ಶಿಕ್ಷೆಯ ಮಟ್ಟಿಗೆ ಅದು ತಪ್ಪೊಪ್ಪಿಗೆಯಷ್ಟೇ.

ಇವೆಲ್ಲಕ್ಕಿಂತ ತೊಡಕಿನದು ‘ಡಿಫರ್ಡ್ ಅಡ್ಜುಡಿಕೇಶನ್’. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಮಗಳ ಬದುಕಿಗೆ ನೇರ ಸಂಬಂಧವಿದೆ. ಆರೋಪಿ ತಪ್ಪೊಪ್ಪಿಕೊಳ್ಳುತ್ತಾನೆ, ಅಥವಾ ವಾದಿಸುವುದಿಲ್ಲ ಎನ್ನುತ್ತಾನೆ. ನ್ಯಾಯಾಧೀಶರು ‘ಅಪರಾಧಿ’ ಎಂದು ಘೋಷಿಸದೆ, ಇಷ್ಟು ತಿಂಗಳು ನಿಗಾದಲ್ಲಿರು, ಈ ತರಗತಿಗಳಿಗೆ ಹೋಗು, ದಂಡ ಕಟ್ಟು ಎನ್ನುತ್ತಾರೆ. ಎಲ್ಲ ಸರಿಯಾಗಿ ಮುಗಿಸಿದರೆ ಕೇಸು ವಜಾ. ಟೆಕ್ಸಸ್ ಲೆಕ್ಕದಲ್ಲಿ ಅವನಿಗೆ ಶಿಕ್ಷೆಯಾಗಿಲ್ಲ. ಅದಕ್ಕೇ ಹುಡುಗರು ಪೂರ್ತಿ ನಂಬಿಕೆಯಿಂದ ‘ಕೇಸು ಡಿಸ್ಮಿಸ್ ಆಯ್ತು’ ಎಂದು ಮನೆಯಲ್ಲಿ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ವಲಸೆ ಇಲಾಖೆಯ ಲೆಕ್ಕವೇ ಬೇರೆ. ತಪ್ಪೊಪ್ಪಿಗೆ ಮತ್ತು ಯಾವುದಾದರೂ ನಿರ್ಬಂಧ, ಇವೆರಡಿದ್ದರೆ 1996ರಿಂದ ಫೆಡರಲ್, ಅಂದರೆ ಕೇಂದ್ರದ, ವಲಸೆ ಕಾನೂನು ಅದನ್ನು ಶಿಕ್ಷೆ ಎಂದೇ ನೋಡುತ್ತದೆ. ಕೌಟುಂಬಿಕ ಹಿಂಸೆಯ ಅಪರಾಧವೆಂದು ಪರಿಗಣಿತವಾದರೆ ಗಡೀಪಾರಿಗೂ ದಾರಿಯಾಗಬಹುದು. ಮದುವೆಯಾಗಿ ನಿಮ್ಮ ಮಗಳು ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ಹೋದರೆ, ಅವಳ ಅಲ್ಲಿನ ಇರುವಿಕೆ ಅವನ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ನಿಂತಿರುತ್ತದೆ. ವರ್ಷಗಳ ನಂತರ ವೀಸಾ ಸ್ಟ್ಯಾಂಪಿಂಗ್‌ನಲ್ಲೋ ಗ್ರೀನ್ ಕಾರ್ಡ್ ಅರ್ಜಿಯಲ್ಲೋ ಈ ಹಳೆಯ ಕಾಗದ ಮೇಲೆದ್ದು ಬರಬಹುದು.

ಇಲ್ಲೇ ‘ಏನಾದರೂ ಇದ್ದಿದ್ದರೆ ವಾಪಸ್ ಕಳಿಸುತ್ತಿದ್ದರು’ ಎಂಬ ಮಾತಿಗೂ ಉತ್ತರವಿದೆ. ಅದು ಸರಿಯಲ್ಲ. ಅರೆಸ್ಟ್ ಆದ ಕೂಡಲೇ ಎಲ್ಲರನ್ನೂ ವಾಪಸ್ ಕಳಿಸುವುದಿಲ್ಲ. ಆದರೆ ಉಲ್ಟಾ ಪಕ್ಕವೂ ಇದೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ವೀಸಾವನ್ನು ಶಿಕ್ಷೆಯಾಗುವ ಮೊದಲೇ ರದ್ದು ಮಾಡುವ ಪದ್ಧತಿ 2015ರಿಂದ ಇದೆ. ವೀಸಾ ಅರ್ಜಿಯಲ್ಲಿ ‘ಎಂದಾದರೂ ಬಂಧನವಾಗಿದೆಯೇ’ ಎಂಬ ಪ್ರಶ್ನೆ ಇರುತ್ತದೆ. ಕೇಸು ಬಿದ್ದುಹೋಗಿದ್ದರೂ, ದಾಖಲೆ ಅಳಿಸಿದ್ದರೂ ಅಲ್ಲಿ ‘ಹೌದು’ ಎಂದೇ ಬರೆಯಬೇಕು.

ದಾಖಲೆ ಅಳಿಸುವುದು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ಹುಡುಕಿದರೆ ಏನೂ ಸಿಗದೆ ಹೋಗಬಹುದು. ಹೆಸರು ತಪ್ಪಿರಬಹುದು, ಕೌಂಟಿ ತಪ್ಪಿರಬಹುದು, ಸರ್ಕಾರಿ ವಕೀಲರು ಕೇಸನ್ನೇ ಹಾಕದಿರಬಹುದು, ಅಥವಾ ದಾಖಲೆ ಅಳಿಸಿರಬಹುದು. ಟೆಕ್ಸಸ್‌ನಲ್ಲಿ ಅಳಿಸುವುದಕ್ಕೆ ‘ಎಕ್ಸ್‌ಪಂಕ್ಷನ್’ ಎನ್ನುತ್ತಾರೆ. ಕ್ಲಾಸ್ ಎ ಮಟ್ಟದ ಆರೋಪದಲ್ಲಿ ಅದು ಸಾಮಾನ್ಯವಾಗಿ ಸಿಗುವುದು ಖುಲಾಸೆಯಾದವರಿಗೆ, ಕೇಸೇ ಹಾಕದೆ ಬಿಟ್ಟವರಿಗೆ, ನಿಗಾದ ಷರತ್ತಿಲ್ಲದೆ ವಜಾ ಆದವರಿಗೆ. ‘ನಾನ್‌ಡಿಸ್‌ಕ್ಲೋಷರ್’ ಎಂಬ ಇನ್ನೊಂದು ವ್ಯವಸ್ಥೆ ಇದೆ. ಅದರಲ್ಲಿ ದಾಖಲೆ ಇರುತ್ತದೆ, ಸಾರ್ವಜನಿಕರಿಗೆ ಕಾಣುವುದಿಲ್ಲ. ಡಿಫರ್ಡ್ ಮುಗಿಸಿದ ಹಲವರು ಇದನ್ನು ಪಡೆಯುತ್ತಾರೆ. ಆದರೆ ಕೌಟುಂಬಿಕ ಹಿಂಸೆ ಎಂದು ಕೋರ್ಟು ದಾಖಲಿಸಿದ್ದರೆ ಇದು ಸಿಗುವುದಿಲ್ಲ. ಆದ್ದರಿಂದ ಆ ಫೋಟೊ ನಿಜವಾಗಿ ಇವನದ್ದೇ ಆಗಿದ್ದು, ಕಾಲಿನ್ ಕೌಂಟಿಯ ಕೋರ್ಟಿನಲ್ಲಿ ಸರಿಯಾದ ಹೆಸರು ಹಾಕಿದರೂ ಏನೂ ಸಿಗದಿದ್ದರೆ, ಹೆಚ್ಚಾಗಿ ಕೇಸು ಮುಂದೆ ಹೋಗಲಿಲ್ಲ ಎಂದು ನಾನು ಊಹಿಸುತ್ತೇನೆ. ಊಹೆ ಅಷ್ಟೇ. ಮಗಳ ಮದುವೆಗೆ ಊಹೆ ಸಾಲದು.

ಹಾಗಾದರೆ ಏನು ಮಾಡಬಹುದು? ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ ಹುಡುಗನನ್ನೇ ಕೇಳುವುದು. ಸಂಬಂಧ ತಂದವರ ಮೂಲಕ ಅಲ್ಲ, ಅವನ ಅಪ್ಪ ಅಮ್ಮನ ಮೂಲಕವೂ ಅಲ್ಲ. ಎಷ್ಟೋ ಮನೆಗಳಲ್ಲಿ ಊರಿನಲ್ಲಿರುವ ತಾಯಿ ತಂದೆಗೆ ಈ ವಿಷಯ ಗೊತ್ತೇ ಇರುವುದಿಲ್ಲ. ಮಗಳೇ ವಿಡಿಯೊ ಕಾಲಿನಲ್ಲಿ ಕೇಳಲಿ. ‘ಈ ಪುಟ ನನ್ನ ಕಣ್ಣಿಗೆ ಬಿತ್ತು. ಇದು ನೀವೇನಾ? ಆಗಿದ್ದರೆ ಏನಾಯಿತು ಹೇಳಿ. ಕೇಸ್ ನಂಬರ್ ಕೊಡಿ.’ ಕೇಸ್ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹೆಸರಿನ ಗೊಂದಲ ಅಲ್ಲಿಗೇ ಹೋಗುತ್ತದೆ. ಕ್ಲರ್ಕ್ ಕಚೇರಿಯಿಂದ ದೃಢೀಕರಿಸಿದ ನಕಲು ತರಿಸಲು ಸಣ್ಣ ಶುಲ್ಕ ಸಾಕು. ಮೂರು ಕಾಗದ ಕೇಳಿ: ಪೊಲೀಸರ ಪ್ರಮಾಣಪತ್ರ (ಅಫಿಡವಿಟ್), ಆರೋಪಪತ್ರ, ಕೊನೆಯ ಆದೇಶ. ಆ ರಾತ್ರಿ ಯಾರು ಯಾರಿಗೆ ಏನು ಮಾಡಿದರೆಂದು ಪೊಲೀಸರು ಹೇಳುವುದು ಮೊದಲನೆಯದರಲ್ಲಿ ಇರುತ್ತದೆ. ಕೊನೆ ಏನಾಯಿತೆಂದು ಮೂರನೆಯದರಲ್ಲಿ. ನಿಜವಾಗಿ ಓದಬೇಕಾದದ್ದು ಇವನ್ನೇ.

ಅವನು ‘ಅದು ನಾನಲ್ಲ’ ಎಂದರೆ ಅದಕ್ಕೂ ದಾರಿಯಿದೆ. ಅಮೆರಿಕದ ಎಫ್‌ಬಿಐ ಬೆರಳಚ್ಚಿನ ಆಧಾರದ ಮೇಲೆ ಒಬ್ಬ ವ್ಯಕ್ತಿಯ ಬಂಧನಗಳ ಪಟ್ಟಿ ಕೊಡುತ್ತದೆ. ಶುಲ್ಕ 18 ಡಾಲರ್. ಅದನ್ನು ಅವನೇ ತನಗಾಗಿ ಕೇಳಬೇಕು, ಬೇರೆಯವರಿಗೆ ಸಿಗುವುದಿಲ್ಲ. ಬೆರಳಚ್ಚಿಗೆ ಕಾಗುಣಿತದ ತೊಂದರೆ ಇಲ್ಲ. ಪಟ್ಟಿಯಲ್ಲಿ ಕೆಲವು ಕೇಸುಗಳ ಅಂತ್ಯ ದಾಖಲಾಗದೆ ಖಾಲಿ ಇರುವುದುಂಟು. ಖಾಲಿ ಕಂಡರೆ ಮತ್ತೆ ಕೌಂಟಿಯ ಕಾಗದಕ್ಕೇ ಹೋಗಬೇಕು. ಹೀಗೆ ಕೇಳಿದರೆ ಹುಡುಗ ಬೇಸರ ಮಾಡಿಕೊಳ್ಳಬಹುದು, ಸಂಬಂಧ ಮುರಿಯಲೂಬಹುದು. ಆ ಅಪಾಯ ಇದೆ. ಆದರೂ ಕೇಳಿ. ಬೇಕಿದ್ದರೆ ನಿಮ್ಮ ಮಗಳೂ ತನ್ನ ಪೊಲೀಸ್ ಕ್ಲಿಯರೆನ್ಸ್ ಪತ್ರ ತೆಗೆಸಿ ಕೊಡಲಿ, ಆಗ ಕೇಳುವುದು ಎರಡೂ ಕಡೆ ಸಮ ಆಗುತ್ತದೆ. ಒಂದು ಜೋಡಿ ಹೀಗೆಯೇ ಮಾಡಿತು. ಅದು ನನಗೆ ತುಂಬ ಹಿಡಿಸಿತು.

ಅವನಿಗೆ ಹೇಳದೆಯೇ ನೋಡಬೇಕೆಂದಿದ್ದರೆ, ಕೌಂಟಿ ತಾಣಗಳ ಜೊತೆ ಟೆಕ್ಸಸ್‌ನ ಸಾರ್ವಜನಿಕ ಸುರಕ್ಷತಾ ಇಲಾಖೆಯ ತಾಣ ಇದೆ. ಅಲ್ಲಿ ಸಣ್ಣ ಶುಲ್ಕಕ್ಕೆ ರಾಜ್ಯದಾದ್ಯಂತದ ಶಿಕ್ಷೆ ಮತ್ತು ಡಿಫರ್ಡ್ ಪ್ರಕರಣಗಳನ್ನು ಹೆಸರಿನ ಮೇಲೆ ಹುಡುಕಬಹುದು. ಫೆಡರಲ್ ಕೋರ್ಟಿನ ಕೇಸುಗಳಿಗೆ ‘ಪೇಸರ್’ ಎಂಬ ತಾಣ. ಪುಟಕ್ಕೆ 10 ಸೆಂಟು, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಉಚಿತ. ಹಳೆಯ ಮದುವೆ, ವಿಚ್ಛೇದನದ ಪ್ರಶ್ನೆಗೆ ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಯ ಕೌಟುಂಬಿಕ ಕೇಸುಗಳಲ್ಲಿ ಅವನ ಹೆಸರು ಹುಡುಕಿ. ಅದನ್ನು ಖಂಡಿತ ಮಾಡಿ. ಪತ್ತೇದಾರರನ್ನು ಇಟ್ಟುಕೊಳ್ಳುವುದಾದರೆ ಟೆಕ್ಸಸ್‌ನಲ್ಲಿ ಅವರಿಗೆ ಲೈಸೆನ್ಸ್ ಇರಬೇಕು. ಊರಿನಲ್ಲಿ ಹಣ ತೆಗೆದುಕೊಂಡು ‘ಅಮೆರಿಕದಲ್ಲಿ ನಮ್ಮ ಜನ ಇದ್ದಾರೆ’ ಎನ್ನುವವರು ಹೆಚ್ಚಾಗಿ ನಾನು ಮೇಲೆ ಹೇಳಿದ ಉಚಿತ ತಾಣಗಳನ್ನೇ ನೋಡಿ ಕೊಡುತ್ತಾರೆ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಆ ಫೋಟೊವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ತಮ್ಮನ ಮಗನಿಗೂ ಇವತ್ತೇ ಹೇಳಿ. ಅವನಲ್ಲದಿದ್ದರೆ ಒಬ್ಬ ನಿರಪರಾಧಿಯ ಮಾನ ಹೋಗುತ್ತದೆ, ನಿಮ್ಮ ಮೇಲೆ ಮಾನನಷ್ಟದ ಕೇಸೂ ಬರಬಹುದು. ಅವನ ಆಫೀಸಿಗೂ ಫೋನು ಮಾಡಬೇಡಿ.

ಕೊನೆಗೆ ಅತಿ ಕಷ್ಟದ ಭಾಗ. ಅವನೇ ಎಂದಾದರೆ? ರೂಮ್‌ಮೇಟ್ ಜೊತೆಗಿನ ಜಗಳ, ಕೇಸು ವಜಾ ಎಂದಾದರೆ ನಾನು ನಿಮ್ಮ ಜಾಗದಲ್ಲಿದ್ದರೆ ಅವನು ಅದನ್ನು ಹೇಗೆ ಹೇಳಿಕೊಂಡ ಎಂಬುದನ್ನು ನೋಡುತ್ತಿದ್ದೆ. ಹೆಣ್ಣೊಬ್ಬಳ ಮೇಲೆ ಕೈ ಮಾಡಿದ ಆರೋಪವಾಗಿದ್ದರೆ ‘ವಜಾ’ ಎಂಬ ಪದ ನನಗೆ ಸಾಲುವುದಿಲ್ಲ. ಇಂಥ ಕೇಸು ಹೂಡುವುದು ಟೆಕ್ಸಸ್ ರಾಜ್ಯ, ಹೆಂಡತಿಯಲ್ಲ. ಅವಳು ‘ಕೇಸು ಬೇಡ’ ಎಂದು ಬರೆದುಕೊಟ್ಟರೂ ಸರ್ಕಾರಿ ವಕೀಲರು ಮುಂದುವರಿಸಬಹುದು. ಆದರೆ ಅವಳು ಸಾಕ್ಷಿ ಹೇಳದಿದ್ದರೆ ಎಷ್ಟೋ ಕೇಸುಗಳು ನಿಲ್ಲುವುದಿಲ್ಲ. ವೀಸಾ ಹೋಗುತ್ತದೆ, ಊರಿಗೆ ಏನು ಹೇಳುವುದು ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡ ನಮ್ಮ ಹೆಣ್ಣುಮಕ್ಕಳನ್ನು ಕೋರ್ಟಿನ ಮೊಗಸಾಲೆಯಲ್ಲಿ ನೋಡಿದ್ದೇನೆ. ಪಕ್ಕದ ಮನೆಯವರು ಸದ್ದು ಕೇಳಿ ಪೊಲೀಸರಿಗೆ ಫೋನು ಮಾಡಿ, ಒಳಗೆ ಏನೂ ನಡೆದಿರದೆಯೇ ಹುಡುಗ ಜೈಲು ಕಂಡದ್ದನ್ನೂ ನೋಡಿದ್ದೇನೆ. ಅದಕ್ಕೇ ಪೊಲೀಸರ ಆ ಪ್ರಮಾಣಪತ್ರ ಓದಿ ಎಂದು ಇಷ್ಟು ಹೇಳುತ್ತಿರುವುದು. ಗಾಯದ ವಿವರ ಇದೆಯೇ, ಸಾಕ್ಷಿಗಳು ಇದ್ದಾರೆಯೇ, ಹಿಂದೆಯೂ ಪೊಲೀಸರು ಆ ಮನೆಗೆ ಹೋಗಿದ್ದರೇ, ರಕ್ಷಣಾ ಆದೇಶ ಹೊರಡಿಸಿದ್ದರೇ, ಇಷ್ಟನ್ನು ನೋಡಿ. ಅವನು ಹೇಳಿದ ಕಥೆಯನ್ನು ಅದರ ಪಕ್ಕದಲ್ಲಿಟ್ಟು ಓದಿ. ಎರಡೂ ಹೊಂದದಿದ್ದರೆ ನಿಮ್ಮ ಯಜಮಾನರ ಮಾತು ಸರಿ.

ನಿಶ್ಚಿತಾರ್ಥವನ್ನು ಒಂದು ತಿಂಗಳು ಮುಂದೆ ಹಾಕಿ. ಕಾರಣ ಕೇಳಿದರೆ ಮನೆಯಲ್ಲಿ ಅನಾನುಕೂಲ ಎಂದರೆ ಸಾಕು. ಕೋರ್ಟಿನ ನಕಲು ಬಂದ ಮೇಲೆ ಇಂಗ್ಲಿಷ್ ಓದಲು ಕಷ್ಟವಾದರೆ ನನಗೆ ಕಳಿಸಿ, ಕೇಸ್ ನಂಬರ್ ಮತ್ತು ಕೊನೆಯ ಪುಟ ಸ್ಪಷ್ಟವಾಗಿ ಕಾಣುವ ಹಾಗೆ ಸ್ಕ್ಯಾನ್ ಮಾಡಿಸಿ. ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತೇನೆ.